ಕಡುಹಸಿರಿನ ಲೆಕ್ಕ

ಮೂರನೇ ಸಲವೂ ಪುಟ ವಾಪಸ್ ಬಂದಾಗ ನಕ್ಷೆಗಾರನ ಮೈಯೆಲ್ಲ ಉರಿದುಹೋಯಿತು.

ಶಾಲೆಯ ಮಕ್ಕಳಿಗಾಗಿ ತಯಾರಾಗುತ್ತಿದ್ದ ಅಟ್ಲಾಸ್ ಅದು. ಯಾವ ದೇಶ ತಾನು ಬಳಸುವ ಇಂಧನದಲ್ಲಿ ಎಷ್ಟು ಪಾಲನ್ನು ಬಿಸಿಲು, ಗಾಳಿ, ನೀರಿನಂಥ ಮುಗಿಯದ ಮೂಲಗಳಿಂದ ಪಡೆಯುತ್ತದೆ ಎಂದು ಹೋಲಿಸುವ ಪುಟ. ಪಾಲು ಹೆಚ್ಚಿದಷ್ಟೂ ಹಸಿರು ಗಾಢ. ಸಂಪಾದಕರು ನೋಡಿ ಬೆನ್ನು ತಟ್ಟಿದ್ದರು. ಅಂಕಿಅಂಶ ಪರಿಶೀಲಿಸುವವಳು ಮಾತ್ರ ಸಹಿ ಹಾಕಲೊಲ್ಲಳು. ಆಫೀಸಿನಲ್ಲಿ ಎಲ್ಲರೂ ಅವಳನ್ನು ತಕ್ಕಡಿ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಮೊದಲ ಸಲ ಅವನು ಬರೀ ವಿದ್ಯುತ್ತಿನ ಲೆಕ್ಕವನ್ನು ಇಡೀ ಇಂಧನದ ಲೆಕ್ಕವೆಂದು ಹಾಕಿದ್ದ. ಎರಡನೇ ಸಲ ಒಂದೊಂದು ದೇಶಕ್ಕೆ ಒಂದೊಂದು ವರ್ಷದ ಅಂಕಿ. ತಪ್ಪು ಒಪ್ಪಿಕೊಂಡಿದ್ದ. ಆದರೆ ಈ ಸಲ? ಅಂಚಿನಲ್ಲಿ ಬರೆದದ್ದು ಇಷ್ಟೇ: 'ಯಾಕೋ ಸರಿ ಕಾಣಲಿಲ್ಲ.'

ಜಗಳಕ್ಕೆಂದೇ ಅವಳಿದ್ದ ಕೆಳಗಿನ ಮಹಡಿಗೆ ಹೊರಟ. ಹಾಗೆ ಹೊರಟವನು ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಂಡದ್ದೇಕೆಂದು ಅವನಿಗೇ ತಿಳಿಯಲಿಲ್ಲ.

"ಅಂಕಿ ಎಲ್ಲ ಸರಿ ಇದೆಯಲ್ಲ ಮೇಡಂ?"

"ಇದೆ."

"ಮತ್ತೆ? ನನ್ನ ಮುಖ ಸರಿ ಇಲ್ವಾ?"

ಅವಳು ತಲೆಯೆತ್ತಿ, ಹುಬ್ಬಿನಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದಳು. ತುಟಿಯಂಚು ಕೊಂಚ ಅಲುಗಿತು. "ಅದು ಪರಿಶೀಲನೆಗೆ ನನ್ನ ಟೇಬಲ್‌ಗೆ ಬಂದಿಲ್ಲ."

ಅವನ ಕೋಪ ಅಲ್ಲೇ ದಾರಿ ತಪ್ಪಿತು.

ಅವಳು ಪುಟ ಬಿಡಿಸಿ, ನಕ್ಷೆಯಲ್ಲಿ ಎಲ್ಲಕ್ಕಿಂತ ಕಡುಹಸಿರಾಗಿದ್ದ ಕೆಲವು ಬಡ ದೇಶಗಳ ಮೇಲೆ ಬೆರಳಿಟ್ಟಳು. "ಇವರು ಇಷ್ಟು ಹಸಿರು ಹೇಗಾದ್ರು ಗೊತ್ತಾ? ಸೌದೆಯಿಂದ. ಲೆಕ್ಕದಲ್ಲಿ ಸೌದೆನೂ ಮತ್ತೆ ಬೆಳೆಯೋ ಇಂಧನವೇ."

ಆಮೇಲೆ ದನಿ ಏರಿಸದೆ ತನ್ನ ತಾಯಿಯ ಮಾತು ಹೇಳಿದಳು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಒಲೆ ಊದಿದವರು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾರೆ. ದಿನಕ್ಕೆಷ್ಟು ಸಿಗರೇಟು ಸೇದುತ್ತಿದ್ದಿರಿ ಎಂದು ಡಾಕ್ಟರು ಕೇಳಿದ್ದಕ್ಕೆ ತಾಯಿಗೆ ನಕ್ಕು ನಕ್ಕು ಕೆಮ್ಮು ಬಂದಿತ್ತಂತೆ.

"ನಿಮ್ಮ ನಕ್ಷೇಲಿ ನಮ್ಮಮ್ಮನೇ ಎಲ್ಲರಿಗಿಂತ ಹಸಿರು," ಎಂದಳು. "ಮಕ್ಕಳು ಅದನ್ನ ನೋಡಿ ಹಾಗೇ ಬದುಕಬೇಕು ಅಂದ್ಕೋಬಾರದು."

 ಅವನು ಪುಟ ಮಡಚಿಕೊಂಡು ನೇರ ಸಂಪಾದಕರ ಕೋಣೆಗೆ ಹೋದ. ಮುದ್ರಣಕ್ಕೆ ಹೊತ್ತಾಯಿತು, ಇನ್ನು ಒಂದು ಗೆರೆಯನ್ನೂ ಮುಟ್ಟಕೂಡದು ಎಂದು ಅವರು ರೇಗಿದರು. ಹಾಗಾದರೆ ಪುಸ್ತಕದಿಂದ ತನ್ನ ಹೆಸರು ತೆಗೆದುಬಿಡಿ ಎಂದ. ಇದು ಅವನ ಮೊದಲ ಪುಸ್ತಕ. ಅವರು ಬಹಳ ಹೊತ್ತು ಗೊಣಗಿ ಎರಡು ದಿನ ಕೊಟ್ಟರು.

ಸೌದೆಯ ಪಾಲನ್ನು ಬೇರೆ ತೆಗೆದು ಕಂದು ಗೆರೆಗಳಲ್ಲಿ ತೋರಿಸಿದ. ಎಷ್ಟೋ ದೇಶಗಳು ಕಂದಾದವು. ಅವಳು ಹೊಸ ಪುಟದ ದೇಶಗಳನ್ನು ಒಂದೊಂದಾಗಿ ನೋಡಿ, ಸಹಿ ಹಾಕಿ, ಒಂದು ಪ್ರತಿ ಅಮ್ಮನಿಗೆ ಒಯ್ಯಲೇ ಎಂದು ಕೇಳಿದಳು. ಕಣ್ಣಂಚು ತೇವವಾಗಿತ್ತು.

"ನಾನೇ ತಂದುಕೊಡ್ತೀನಿ," ಎಂದ. "ಅವರ ಹತ್ರ ಇನ್ನೊಂದು ವಿಷಯಾನೂ ಕೇಳೋದಿದೆ."

"ಅದನ್ನ ಮೊದಲು ನನ್ನ ಕೇಳ್ಬೇಕಲ್ವಾ?"

"ಕೇಳ್ತಾ ಇದೀನಿ."

ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಭಾನುವಾರ ಬೆಳಿಗ್ಗೆ ಅಮ್ಮ ಸ್ವಲ್ಪ ಹುಷಾರಾಗಿರ್ತಾರೆ," ಎಂದಳು.

ಭಾನುವಾರ ಅವಳ ತಾಯಿ ಕನ್ನಡಕ ಏರಿಸಿ ಕಂದು ಗೆರೆಗಳ ಮೇಲೆ ಬೆರಳಾಡಿಸಿದರು. ಹೊಗೆಯ ಬಣ್ಣ ಸರಿಯಾಗಿ ಬಂದಿದೆ ಎಂದರು. ಅವನು ತಾನು ಬಂದ ವಿಷಯವನ್ನು ತಡವರಿಸುತ್ತಾ ಹೇಳಿದ.

"ಇವಳ ಜೊತೆ ಬದುಕೋದು ಸುಲಭ ಅಲ್ಲ ಕಣಪ್ಪ," ಎಂದರು ಅವರು, ಉಸಿರು ತೆಗೆದುಕೊಳ್ಳುತ್ತಾ. "ಎಲ್ಲಾನೂ ಕೆದಕಿ ಕೆದಕಿ ಕೇಳ್ತಾಳೆ."

"ಕೇಳ್ಲಿ ಅಮ್ಮ."

ಒಳಗೆ ಲೋಟಗಳ ಸದ್ದು ನಿಂತಿತು. ಬಾಗಿಲಿಗೆ ಬಂದವಳು ತಾಯಿಯ ಎದುರಿಗೇ, "ನಿನಗೆ ಸಕ್ಕರೆ ಎಷ್ಟು?" ಎಂದಳು.

ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು.