ಊರು, ಕೆಲಸ, ಓದು

2025ರ ಆಗಸ್ಟ್ 18, ಸೋಮವಾರ ಬೆಳಿಗ್ಗೆ ಏಳೂವರೆಗೆ, ಬಳಗಾನೂರಿನ ಕಾಲುವೆ ಏರಿಯ ಮೇಲೆ ನಾಟಿಗೆ ಹೊರಟಿದ್ದ ಗಂಗಾದೇವಿಯ ಬಲ ಮೊಣಕಾಲನ್ನು ಒಬ್ಬ ಸಲಿಕೆಯ ಕಾವಿನಿಂದ ಹೊಡೆದು ಮುರಿದ. ಅವನು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ.

ಒಂಬತ್ತು ಗಂಟೆಗೆ ಅವಳ ಗಂಡ ದುರುಗಪ್ಪ ಠಾಣೆಗೆ ಬಂದು ದೂರು ಕೊಟ್ಟ. ಪಿಎಸ್‌ಐ ಶಿವಕುಮಾರಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ದಾವಲ್‌ಸಾಬ್‌ನೊಂದಿಗೆ ಏರಿಗೆ ಹೋಗಿ ಪಂಚನಾಮೆ ಮುಗಿಸಿದಳು. ಕೆಸರಲ್ಲಿ ಕಾವು ಸಿಕ್ಕಿತು. ಅಂಥವು ಊರ ತುಂಬ ಇದ್ದವು.

ಸಿಂಧನೂರಿನ ಆಸ್ಪತ್ರೆಯಲ್ಲಿ ಗಂಗಾದೇವಿ ಒಂದೇ ಸುಳಿವು ಕೊಟ್ಟಳು. ಹೊಡೆಯುವಾಗ ಅವನು ‘ಇನ್ನೂ ಬರಿ’ ಅಂದಿದ್ದ.

ಅವಳು ಬರೆಯುತ್ತಿದ್ದದ್ದು ನಿಜ. ಲಿಂಗಸುಗೂರಿನ ಓದುಬಳಗದವರು ನಡೆಸುವ ‘ಕೊನೆಭಾಗ’ ಎಂಬ ಜಾಲತಾಣದಲ್ಲಿ, ‘ನೆಲದಾಕೆ’ ಎಂಬ ಹೆಸರಲ್ಲಿ. ಮೇಲ್ಭಾಗದ ಜಮೀನ್ದಾರರು ಕಾಲುವೆಗೆ ಕಳ್ಳ ಪೈಪು ಇಳಿಸಿ ನೀರೆಳೆಯುತ್ತಾರೆ, ಕೆಳಗಿನ ಗದ್ದೆ ಒಣಗುತ್ತದೆ, ನಾಟಿಯ ಹೆಣ್ಣುಮಕ್ಕಳಿಗೆ ಕೂಲಿಯಿಲ್ಲ. ಪೈಪು ಎಲ್ಲೆಲ್ಲಿವೆ ಎಂಬುದನ್ನೂ ಬರೆದಿದ್ದಳು. ಶಿವಕುಮಾರಿಯ ತವರಿನ ಗದ್ದೆ ಇದ್ದದ್ದೂ ಮೇಲ್ಭಾಗದಲ್ಲೇ; ಅದು ಊರಿಗೆಲ್ಲ ಗೊತ್ತಿತ್ತು. ಓದುತ್ತ ಅವಳು ಎರಡು ಸಲ ಫೋನು ಕೆಳಗಿಟ್ಟಳು.

ನೆಲದಾಕೆ ಯಾರೆಂಬುದು ದುರುಗಪ್ಪನಿಗೇ ಗೊತ್ತಿರಲಿಲ್ಲ. ಹೊಡೆದವನಿಗೆ ಹೇಗೆ ಗೊತ್ತಾಯಿತು?

ಮರುದಿನ ಶಿವಕುಮಾರಿ, ದಾವಲ್‌ಸಾಬ್ ಇಬ್ಬರೂ ಲಿಂಗಸುಗೂರಿಗೆ ಹೋದರು. ಜಾಲತಾಣ ನೋಡಿಕೊಳ್ಳುವ ಕರಿಬಸಯ್ಯ ಝೆರಾಕ್ಸ್ ಅಂಗಡಿಯವ. ತಾನು ಯಾರಿಗೂ ಹೇಳಿಲ್ಲವೆಂದು ಆಣೆ ಮಾಡಿದ. ಹೆಸರು ಮುಚ್ಚಿಡಬಹುದು, ದುಡಿಮೆ ಮುಚ್ಚಿಡಬಾರದು ಎಂಬುದು ಬಳಗದ ನೇಮ. ಅದಕ್ಕೇ ಪ್ರತಿ ಲೇಖಕರ ಪರಿಚಯದಲ್ಲಿ ಮೂರು ಖಾನೆ ಮಾಡಿಸಿದ್ದ: ಊರು, ಕೆಲಸ, ಓದು. ಓದುಗರು ಇವುಗಳಿಂದ ಬರಹ ಸೋಸಿ ನೋಡಬಹುದಿತ್ತು. ಕೂಲಿಕಾರರು ಬರೆದದ್ದು ಬೇಕೆಂದರೆ ಅದಷ್ಟೇ ಬರುತ್ತಿತ್ತು. ಇದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯೇ ಇತ್ತು.

ದಾವಲ್‌ಸಾಬ್ ಕಂಪ್ಯೂಟರಿನ ಮುಂದೆ ಕೂತ. ಊರು ಬಳಗಾನೂರು ಅಂತ ಒತ್ತಿದ. ನಾಲ್ವರ ಹತ್ತೊಂಬತ್ತು ಬರಹ ಉಳಿದವು. ಕೆಲಸ ನಾಟಿ ಕೂಲಿ, ಇಬ್ಬರು ಉಳಿದರು. ಓದು ಪಿಯುಸಿ ಅಂತ ಒತ್ತಿದ್ದೇ, ನೆಲದಾಕೆ ಒಬ್ಬಳೇ.

“ಬಳಗಾನೂರಾಗ ಪಿಯುಸಿ ಓದಿ ಗದ್ದಿಗಿ ಇಳ್ಯಾಕಿ ಒಬ್ಬಾಕಿನ ಅದಾಳ್ರಿ ಅಯ್ಯನೋರ. ಹೆಸರ ಮುಚ್ಚಿಟ್ಟು ಮನಿ ತೋರ್ಸೀರಿ,” ಅಂದ ದಾವಲ್‌ಸಾಬ್.

ಕರಿಬಸಯ್ಯ ಓದುಗರ ದಾಖಲೆಯನ್ನು ತಾನೇ ತೆರೆದು ಕೊಟ್ಟ.

ಓದುಗರು ಮೊಬೈಲ್ ನಂಬರ್ ಕೊಟ್ಟೇ ಒಳಬರಬೇಕಿತ್ತು. ಆಗಸ್ಟ್ 16ರ ಮಧ್ಯಾಹ್ನ 3.40ಕ್ಕೆ ಈ ಮೂರನ್ನೂ ಹೀಗೇ ಒತ್ತಿದ್ದ ನಂಬರ್ ಒಂದೇ ಇತ್ತು. ಅದು ಬಳಗಾನೂರಿನ ಅಂಬಪ್ಪನದು. ಹನ್ನೆರಡು ವರ್ಷ ಕಾಲುವೆ ಕಾಯ್ದ ಗುತ್ತಿಗೆಯ ಗ್ಯಾಂಗ್‌ಮನ್. ಅವನ ಹೆಂಡತಿ ಕನಕಮ್ಮ ಗಂಗಾದೇವಿಯ ನಾಟಿ ಗುಂಪಿನವಳೇ.

21ರಂದು ಸಂಜೆ 4.20ಕ್ಕೆ ಮಸ್ಕಿ ಬಸ್‌ ನಿಲ್ದಾಣದಲ್ಲಿ ಅವನನ್ನು ಬಂಧಿಸಿದರು. ಅವನು ಓಡಲಿಲ್ಲ.

“ಯಾಕ ಹೊಡ್ದಿ?” ಠಾಣೆಯಲ್ಲಿ ಶಿವಕುಮಾರಿ ಕೇಳಿದಳು.

“ಆಕಿ ಬರದ್ಲು, ನೀರಾವರಿ ಸಾಹೇಬ್ರು ತನಿಖಿಗಿ ಬಂದ್ರು. ಪೈಪ್ ಅಲ್ಲೇ ಅದಾವ್ರಿ. ನನ್ನ ಕೆಲಸದಾಗಿಂದ ತಗದ್ರು.”

“ಪೈಪ್ ಹಾಕಿದವ್ರು ಯಾರಂತ ನಿನಗ ಗೊತ್ತೈತಿ. ಅವ್ರ ಮೊಣಕಾಲ ಕಾಣ್ಲಿಲ್ಲೇನು?”

“ಅವ್ರು ಏರಿ ಮ್ಯಾಲ ನಡ್ಕೊಂತ ಬರಂಗಿಲ್ರಿ ಮೇಡಂ. ಕಾರಾಗ ಬರ್ತಾರ.”

ಶಿವಕುಮಾರಿ ಅದನ್ನು ಹೇಳಿಕೆಯಲ್ಲಿ ಬರೆಸಿದಳು. ಮೇಲಿನಿಂದ ಫೋನು ಬಂದ ಮೇಲೆ ಆ ಸಾಲು ಹೋಯಿತು. ‘ವೈಯಕ್ತಿಕ ದ್ವೇಷ’ ಅನ್ನುವುದು ಕೂತಿತು. ಫೋನಿನಲ್ಲಿ ಇನ್ನೊಂದು ಅಪ್ಪಣೆಯೂ ಇತ್ತು. ಊರ ಶಾಂತಿಗಾಗಿ, ಇನ್ನು ಕಾಲುವೆಯ ಬಗ್ಗೆ ಬರೆಯುವುದಿಲ್ಲವೆಂದು ಆ ಹೆಣ್ಣುಮಗಳಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕು. ಕಾಲು ಮುರಿಸಿಕೊಂಡವಳಿಂದ.

23ರಂದು ಶಿವಕುಮಾರಿ ಆಸ್ಪತ್ರೆಗೆ ಹೋಗಿ ಹಾಳೆ ಮುಂದಿಟ್ಟಳು. ಗಂಗಾದೇವಿ ನಿಧಾನಕ್ಕೆ, ಪೂರ್ತಿ ಓದಿದಳು.

“ನಾಟಿಗಿ ಇನ್ನ ಇಳ್ಯಾಕ ಆಗಂಗಿಲ್ಲ ಅಂದಾರ ಡಾಕ್ಟ್ರು,” ಅಂದಳು. “ನಿಮ್ಮ ತವರ್ಮನಿ ಗದ್ದಿ ನಾಟಿ ಆತೇನ್ರಿ?”

“ಆಗೇತಿ,” ಅಂದಳು ಶಿವಕುಮಾರಿ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಸಹಿ ಮಾಡವ್ವ. ನಿನ್ನ ಚಲೋದಕ್ಕ ಹೇಳಾಕತ್ತೀನಿ.”

ಗಂಗಾದೇವಿ ಹಾಳೆಯನ್ನು ಅವಳ ಕಡೆಗೇ ಸರಿಸಿದಳು.

“ಮಾಡಂಗಿಲ್ರಿ.”