ಆರು ಮೂಲೆಯ ಕಲೆ

ಜಗಳೂರು ಆಸ್ಪತ್ರೆಯ ತಕ್ಕಡಿಯಲ್ಲಿ ದುರುಗಮ್ಮನ ಎರಡು ವರ್ಷದ ಮಗಳು ತೂಗಿದ್ದು ಎಂಟು ಕೆಜಿ. ಅದೇ ವಾರ ಊರಿನ ಅಂಗನವಾಡಿಯ ತೂಕದ ಯಂತ್ರ ತೋರಿಸಿದ್ದು ಒಂಬತ್ತು.

ಮಗು ಎಚ್ಚರ ತಪ್ಪಿ ಬಿದ್ದ ಮೇಲೆ ಈ ವ್ಯತ್ಯಾಸ ಬಯಲಾಯಿತು. ಟೀಚರ್ ಪ್ರಮೀಳಾ ತೂಕ ಹೆಚ್ಚೆಂದು ಸುಳ್ಳು ಬರೆದು, ಬಡಕಲು ಮಕ್ಕಳಿಗೆ ಕೊಡಬೇಕಾದ ಹೆಚ್ಚುವರಿ ಮೊಟ್ಟೆ ನುಂಗಿದ್ದಾಳೆ—ಊರು ತೀರ್ಪು ಕೊಟ್ಟೇಬಿಟ್ಟಿತು. ಇಷ್ಟು ವರ್ಷ ಅದೇ ಊರಿನ ಮಕ್ಕಳ ಮೂಗು ಒರೆಸಿದವಳಿಗೆ ಸಿಕ್ಕ ಬಿರುದು ಮೊಟ್ಟೆಕಳ್ಳಿ. ಇನ್ನು ಕೆಲಸ ಹೋಗುವುದೊಂದೇ ಬಾಕಿ.

ಯಂತ್ರವನ್ನೂ ಒಮ್ಮೆ ನೋಡಿಬಿಡಿ ಎಂದು ಮೇಲಿನವರು ತೂಕ–ಅಳತೆಯ ಇನ್‌ಸ್ಪೆಕ್ಟರ್ ತಿಪ್ಪೇರುದ್ರಸ್ವಾಮಿಯನ್ನು ಕಳಿಸಿದರು. ಆತ ಕೈಗವಸು ಹಾಕಿಕೊಂಡು, ಮಖಮಲ್ಲಿನ ಪೆಟ್ಟಿಗೆಯಿಂದ ಹೊಳೆಯುವ ಐದು ಕೆಜಿಯ ಉಕ್ಕಿನ ತೂಕ ತೆಗೆದು ಯಂತ್ರದ ಮೇಲಿಟ್ಟ.

ಐದೂವರೆ ದಾಟಿತು.

ಪ್ರಮೀಳಾಗೆ ಅಳು ಒತ್ತರಿಸಿ ಬಂತು. "ನೋಡಿದ್ರಾ ಸಾರ್? ನಾನು ಕಂಡಿದ್ದನ್ನೇ ಬರ್ದೀನಿ."

"ಯಂತ್ರ ತಾನಾಗೇ ಸುಳ್ಳು ಕಲಿಯಲ್ಲಮ್ಮ. ಯಾರೋ ಕಲಿಸ್ಯಾರೆ. ಅದು ನೀವೇ ಯಾಕಾಗಿರಬಾರ್ದು?"

ಅಳು ಅಲ್ಲೇ ನಿಂತಿತು.

"ಇದನ್ನ ಕೊನೇ ಸಲ ರಿಪೇರಿ ಮಾಡಿದ್ದು ಯಾರು?" ಎಂದ ಇನ್‌ಸ್ಪೆಕ್ಟರ್.

ಮೆಕ್ಯಾನಿಕ್ ಪ್ರವೀಣ್ ಕುಮಾರನನ್ನು ಕರೆಸಿದರು. ಆತ ಯಂತ್ರಕ್ಕೆ ತಾನೇ ಅಂಟಿಸಿದ್ದ ಚೀಟಿ ತೋರಿಸಿದ. "ನಿಮ್ಮ ಹತ್ರ ಇರೋವಂಥದ್ದೇ ಎಫ್ ದರ್ಜೆ ಉಕ್ಕಿನ ತೂಕ ಇಟ್ಟು ಸರಿ ಮಾಡಿದ್ದು ಸಾರ್."

"ಹೌದಾ? ಹಂಗಾದ್ರೆ ತಟ್ಟೆ ಮೇಲೆ ಈ ಕಂದು ಕಲೆ ಏನು?"

"ಒದ್ದೆ ಪಾತ್ರೆ ಇಟ್ಟಿದ್ದು ಸಾರ್," ಎಂದಳು ಸಹಾಯಕಿ ಕಸ್ತೂರಮ್ಮ.

"ಆರು ಮೂಲೆ ಪಾತ್ರೆ ಯಾರ ಮನೇಲಿ ಐತ್ರೀ?"

ಎಲ್ಲರೂ ಬಗ್ಗಿ ನೋಡಿದರು. ದಿನಾ ಕಣ್ಣೆದುರಿಗಿದ್ದ ಕಲೆ. ಪ್ರಮೀಳಾಳೇ ಎಷ್ಟೋ ಸಲ ಸೆರಗಿನಿಂದ ಉಜ್ಜಿದ್ದಳು.

"ಎಫ್ ದರ್ಜೆಯ ತೂಕ ದುಂಡಗಿರ್ತೈತೆ, ತುಕ್ಕು ಹಿಡಿಯಲ್ಲ," ಎಂದ ಇನ್‌ಸ್ಪೆಕ್ಟರ್. "ಇದು ಎಂ ದರ್ಜೆ—ಅಂಗಡೀಲಿ ಇಡೋ ಆರು ಮೂಲೆಯ ಎರಕದ ಕಬ್ಬಿಣದ ತೂಕದ ಕಲ್ಲು. ಅದೂ ಒಂದೆರಡು ಗ್ರಾಂ ತಪ್ಪಬಹುದು, ಅಷ್ಟೇ. ಯಂತ್ರ ಹೆಚ್ಚು ತೋರಿಸ್ತೈತೆ ಅಂದ್ರೆ ಕಲ್ಲು ಹಗುರ ಇತ್ತು; ಅರ್ಧ ಕೆಜಿ ತಪ್ಪಾಕೆ ಯಾರೋ ಅಡಿಯಿಂದ ಕೊರೆದಿರಬೇಕು. ಕೊಳ್ಳೋನಾಗಿದ್ರೆ ಕಲ್ಲನ್ನ ಭಾರ ಮಾಡ್ತಿದ್ದ. ಹಗುರ ಮಾಡಿದೋನು ಮಾರೋನು. ಪ್ರವೀಣ್, ಕಲ್ಲು ಯಾರದ್ದು?"

ಪ್ರವೀಣ್ ಚೀಟಿಯ ಮೇಲಿನ ಕೈ ತೆಗೆದ. "ಅವತ್ತು ತೂಕದ ಪೆಟ್ಟಿಗೆ ತಂದಿರಲಿಲ್ಲ ಸಾರ್. ಒಂದು ಕಲ್ಲು ಕೊಡ್ರಿ ಅಂದೆ… ಮಹಾಂತೇಶಣ್ಣ ತೊಳ್ಕೊಂಡು ತಂದ್ರು. ರಾತ್ರಿಯೆಲ್ಲ ಅದರ ಮೇಲೇ ಇತ್ತು."

ಬಾಗಿಲ ಹತ್ತಿರ ನಿಂತಿದ್ದ ಕಿರಾಣಿ ಅಂಗಡಿಯ ಮಹಾಂತೇಶ್, ಪ್ರಮೀಳಾಳ ಗಂಡ, ಆಗಲೇ ಚಪ್ಪಲಿ ಮೆಟ್ಟಿದ್ದ.

ಅಂಗಡಿಯಲ್ಲಿ ಕಲ್ಲನ್ನು ಮಗುಚಿದರು. ಸರ್ಕಾರಿ ಮುದ್ರೆಯ ಸೀಸ ಇರಬೇಕಾದಲ್ಲಿ ಡಾಂಬರು ಮೆತ್ತಿತ್ತು. ಕೆದಕಿದರೆ ಒಳಗೆಲ್ಲ ಪೊಳ್ಳು. ತೂಗಿದರೆ ನಾಲ್ಕೂವರೆ. ಈ ನಾಲ್ಕೂವರೆಯನ್ನೇ ಐದು ಎಂದು ನಂಬಿದ ಯಂತ್ರ ಪ್ರತಿ ಮಗುವನ್ನೂ ದಪ್ಪ ಮಾಡಿತ್ತು.

"ಮಕ್ಕಳಿಗೆ ಹಿಂಗಾಗ್ತೈತೆ ಅಂತ ನನಗೇನು ಗೊತ್ತಿತ್ತು?" ಎಂದ ಮಹಾಂತೇಶ್.

"ಆಮೇಲೆ ಗೊತ್ತಾಯ್ತಲ್ಲ," ಎಂದಳು ಪ್ರಮೀಳಾ. "ನನ್ನ ಕಳ್ಳಿ ಅಂದಾಗ ಪಕ್ಕದಲ್ಲೇ ನಿಂತಿದ್ರಿ. ಬಾಯಿ ಯಾಕೆ ಬಿಡಲಿಲ್ಲ?"

"ಬಿಟ್ಟಿದ್ರೆ ಅಂಗಡಿ ಮುಚ್ಚಿಸ್ತಿದ್ರು ಕಣೇ. ನಿನ್ನ ಕೆಲಸ ಹೋದ್ರೆ ಹೋಗ್ಲಿ, ಅಂಗಡಿ ಉಳೀತೈತೆ ಅಂದ್ಕೊಂಡೆ."

ಎಷ್ಟು ಸಲೀಸಾಗಿ ಹೇಳಿದ. ಈ ಮನುಷ್ಯನಿಗೆ ಬೆಳಿಗ್ಗೆಯೂ ರೊಟ್ಟಿ ತಟ್ಟಿ ಹಾಕಿದ್ದೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

ಕಲ್ಲು ಜಪ್ತಿಯಾಯಿತು. "ನಿಮ್ಮ ಕೆಲಸ ಉಳೀತಮ್ಮ," ಎಂದು ಇನ್‌ಸ್ಪೆಕ್ಟರ್ ಜೀಪು ಹತ್ತಿದ. ಅವಳಿಗೆ ಸಂತೋಷವೇನೂ ಆಗಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಳು. ಮಗು ಕಣ್ಣು ಬಿಟ್ಟಿತ್ತು. ಸುದ್ದಿ ಅರ್ಧವಷ್ಟೇ ಕೇಳಿದ್ದ ದುರುಗಮ್ಮ ಎದ್ದು ಬಂದು ಅವಳ ಕೈ ಹಿಡಿದಳು.

"ನಿಮ್ದೇನೂ ತಪ್ಪಿಲ್ಲಂತೆ ಟೀಚರ್. ಯಾವನೋ ಮೋಸದ ಕಲ್ಲು ಇಟ್ಟಿದ್ನಂತೆ. ನಾನೂ ಬಾಯಿಗೆ ಬಂದಂಗೆ ಬೈದುಬಿಟ್ಟೆ. ಇವಳಿಗೆ ಅನ್ನ ಕಡಿಮೆ ಮಾಡಿಲ್ಲ ಕಣ್ರೀ. ಪ್ರತಿ ಭಾನುವಾರ ನಿಮ್ಮ ಅಂಗಡೀಲೇ ಐದು ಕೆಜಿ ಅಕ್ಕಿ ತರ್ತೀನಿ. ಶನಿವಾರಕ್ಕೇ ಹೆಂಗೆ ತೀರಿಹೋಗ್ತಿತ್ತೋ ಏನೋ."

ಪ್ರಮೀಳಾ ಕೈ ಬಿಡಿಸಿಕೊಂಡಳು.

"ಐದಲ್ಲ ದುರುಗಮ್ಮ," ಎಂದಳು. "ನಾಲ್ಕೂವರೆ. ಆ ಕಲ್ಲು ನಮ್ಮದೇ."