ಆ ಲೋಕದ ಹೆಂಡತಿ

"ಅಯ್ಯೋ, ಒರೆಸಬೇಡಿ! ಮೊದಲು ಕೈ ತೆಗೀರಿ!"

ಸಿಡ್ನಿಯ ಆ ಸಣ್ಣ ಗ್ಯಾಲರಿಯಲ್ಲಿ ನೀಲಾಂಬಿಕಾ ತೇಜಸ್‌ಗೆ ಆಡಿದ ಮೊದಲ ಮಾತು ಅದು. ಲೈಟ್ ಹಾಕಲು ಬಂದಿದ್ದ ಎಲೆಕ್ಟ್ರಿಷಿಯನ್ ಅವನು. ಮರದ ಬೊಂಬೆಯ ಮೇಲೆ ಧೂಳಿದೆಯೆಂದು ಬಟ್ಟೆ ಎತ್ತಿದ್ದ, ಅಷ್ಟೇ.

"ಕನ್ನಡದಲ್ಲೇ ಬೈದ್ರಲ್ಲ! ಯಾವ ಊರು ಮೇಡಂ?"

"ದಾವಣಗೆರೆ. ಈಗ ಮೆಲ್ಬರ್ನ್. ಈ ಪ್ರದರ್ಶನ ನೋಡ್ಕೊಳ್ಳೋಕೆ ಬಂದಿದೀನಿ." ಅವಳ ಕಿವಿ ಕೆಂಪಾಯಿತು. "ಅದು ಕೊಳೆ ಅಲ್ಲ. ಅವಳ ಗಂಡ ಸವರಿ ಸವರಿ ಬಂದ ಹೊಳಪು."

"ಬೊಂಬೆಗೆ ಗಂಡಾನಾ?"

"ಪಶ್ಚಿಮ ಆಫ್ರಿಕಾದ ಆಕಾನ್ ಜನರದೇ ಒಂದು ಕವಲು ಈ ಬಾವುಲೆ ಜನ. ಪ್ರತಿಯೊಬ್ಬ ಗಂಡಸಿಗೂ ಆ ಲೋಕದಲ್ಲಿ ಒಬ್ಬಳು ಹೆಂಡತಿ ಇರ್ತಾಳೆ ಅಂತ ಅವರ ನಂಬಿಕೆ. ಹೆಂಗಸರಿಗೂ ಅಲ್ಲೊಬ್ಬ ಗಂಡ. ಆ ಲೋಕದ ಹೆಂಡತಿ ಮುನಿಸಿಕೊಂಡ್ರೆ ಇಲ್ಲಿ ಸಂಸಾರ ಕೆಡುತ್ತೆ. ಆಗ ಅವಳ ಬೊಂಬೆ ಕೆತ್ತಿಸಿ, ಮಲಗೋ ಕೋಣೇಲಿ ಇಟ್ಟು, ಊಟ ಇಟ್ಟು, ವಾರದಲ್ಲಿ ಒಂದು ರಾತ್ರಿ ಅವಳಿಗೇ ಬಿಡ್ತಾರೆ."

"ಮನೇಲಿರೋ ಹೆಂಡ್ತಿ ಸುಮ್ನಿರ್ತಾಳಾ?"

"ಆ ರಾತ್ರಿ ಬೇರೆ ಮಲಗ್ತಾಳೆ."

ತೇಜಸ್ ನಕ್ಕ. ಕಣ್ಣು ಮಾತ್ರ ನಗಲಿಲ್ಲ.

ಆಮೇಲೆ ಲೈಟ್ ನೋಡುವ ನೆಪದಲ್ಲಿ ಆಗಾಗ ಬಂದ. ಆಕಾನರು ಚಿನ್ನದ ಪುಡಿ ತೂಗುತ್ತಿದ್ದ ಹಿತ್ತಾಳೆಯ ಪುಟ್ಟ ಮೀನು, ಮೊಸಳೆ, ಹಕ್ಕಿಗಳ ಕಥೆ ಕೇಳಿದ. ಕೇಳುವಾಗ ಹಕ್ಕಿಯನ್ನು ನೋಡುತ್ತಿರಲಿಲ್ಲ. ಅದು ಗೊತ್ತಾಗಿ ಅವಳಿಗೆ ಮಾತು ತಪ್ಪುತ್ತಿತ್ತು. ಸಂಜೆ ಕಾಲೇಜಿನಲ್ಲಿ ಓದಿ ಈ ಕೆಲಸಕ್ಕೆ ಬಂದವಳು. ಎಲ್ಲಿ ತಪ್ಪಾಗುವುದೋ ಎಂದು ವಸ್ತುಗಳ ಪಕ್ಕದ ಒಂದೊಂದು ಚೀಟಿಯನ್ನೂ ಮೂರು ಸಲ ಓದುವವಳು. ಅಂಥವಳನ್ನು ಒಬ್ಬರು ಹೀಗೂ ನೋಡಬಹುದೆಂದು ಅವಳು ಎಣಿಸಿರಲಿಲ್ಲ.

ಮೂರು ತಿಂಗಳ ಪ್ರದರ್ಶನ ಮುಗಿಯುವ ಹೊತ್ತಿಗೆ ಅವನು ಕೇಳಿದ. "ಮೆಲ್ಬರ್ನ್‌ಗೆ ಹೋಗ್ಬೇಡ ನೀಲಾ. ನನ್ನನ್ನ ಮದ್ವೆ ಆಗು. ಆದ್ರೆ ಗುರುವಾರ..."

ಅವನ ಹೆಂಡತಿ ಇಂಚರಾ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಹೋದದ್ದು ಒಂದು ಗುರುವಾರ. ಅಂದಿನಿಂದ ಪ್ರತಿ ಗುರುವಾರ ಅವನು ಅವಳಿಗಿಷ್ಟವಾದ ಅವರೆಕಾಳಿನ ಉಪ್ಪಿಟ್ಟು ಮಾಡಿ, ಎರಡು ತಟ್ಟೆ ಇಟ್ಟು, ಫೋನ್ ಆಫ್ ಮಾಡಿ ಕೂರುತ್ತಿದ್ದ.

"ಉಳಿದ ಆರು ದಿನ ನಂದು ತಾನೆ? ಬಾವುಲೆ ಹೆಂಗಸರ ಕೈಲಿ ಆಗೋದು ನನ್ನ ಕೈಲಿ ಆಗಲ್ವಾ?" ಎಂದು ನೀಲಾ ನಗಿಸಿದಳು. ಭಾನುವಾರ ಅವನ ಮನೆ ನೋಡಿದ ಮೇಲೆ ಉತ್ತರ ಕೊಡುವೆನೆಂದಳು.

ಭಾನುವಾರ ಸ್ಕೋಫೀಲ್ಡ್ಸ್ ಬಡಾವಣೆಯ ಮನೆಯಲ್ಲಿ ಅವಳನ್ನು ಬಿಟ್ಟು ಅವನು ತರಕಾರಿ ತರಲು ಟೂಂಗಾಬಿಗೆ ಹೋದ. ಹಿಂದಿರುಗಿದಾಗ ದೇವರ ಗೂಡಿನ ಹಿತ್ತಾಳೆ ದೀಪ ಫಳಫಳ ಹೊಳೆಯುತ್ತಿತ್ತು. ಸಿಂಕಿನಲ್ಲಿ ಹುಣಸೆಹಣ್ಣಿನ ಚರಟ. ಕೊನೆಯ ಸಲ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಇಂಚರಾ ಹೆಬ್ಬೆರಳಿನಿಂದ ಒತ್ತಿದ್ದ ಕುಂಕುಮ ಈಗ ಆ ದೀಪದ ಮೇಲಿರಲಿಲ್ಲ. ಎರಡು ವರ್ಷ ಅವನು ಅದನ್ನು ಮುಟ್ಟಿರಲಿಲ್ಲ.

ಕೈಚೀಲ ಹಿಡಿದೇ ನಿಂತ. ಆಮೇಲೆ, "ನಿಂಗೆ ಗೊತ್ತಿರ್ಲಿಲ್ಲ ಬಿಡು," ಎಂದು ಬದನೆಕಾಯಿ ತೆಗೆದು ಹೆಚ್ಚಲು ಕುಳಿತ. ಬೈಯಲಿಲ್ಲ. ಉತ್ತರವನ್ನೂ ಕೇಳಲಿಲ್ಲ.

ಮಂಗಳವಾರ ಏರ್‌ಪೋರ್ಟಿಗೆ ಬಿಡಲು ಬಂದಾಗ ಕೇಳಿದ. ಕಾರಿನ ಗಾಜಿನ ಮೇಲೆ ಅಲ್ಲಿನ ಜುಲೈ ಚಳಿಗಾಲದ ಮಂಜು ಕಟ್ಟಿತ್ತು.

"ದೀಪದ ವಿಷಯ ಮನಸ್ಸಿಂದ ತೆಗ್ದುಹಾಕು. ವಾಪಸ್ ಬರ್ತೀಯ ತಾನೆ?"

'ಹೂಂ' ಎಂದರೆ ಸಾಕಿತ್ತು. ಮನೆ, ಮನುಷ್ಯ, ಆರು ದಿನ, ಎಲ್ಲವೂ ಅವಳದಾಗುತ್ತಿದ್ದವು.

"ನಂಗೆ ಗೊತ್ತಿತ್ತು ತೇಜಸ್," ಎಂದಳು. "ಕುಂಕುಮ ಕಂಡಿತ್ತು. ಬೆರಳಿನ ಗೆರೆ ಕೂಡ ಕಂಡಿತ್ತು. ಯಾರದ್ದು ಅಂತಾನೂ ಅರ್ಥ ಆಯ್ತು. ಒಂದು ನಿಮಿಷ ಹಾಗೇ ನಿಂತಿದ್ದೆ. ಆಮೇಲೆ ತಿಕ್ಕಿದೆ."

ಅವನು ಎಂಜಿನ್ ಆಫ್ ಮಾಡಿದ.

"ಯಾಕೆ ಹೇಳ್ದೆ?"

"ಗೊತ್ತಿಲ್ದೆ ಮಾಡ್ದೆ ಅಂತ ನೀವು ಕ್ಷಮಿಸಿಬಿಟ್ರಲ್ಲ. ಅದನ್ನ ಇಟ್ಕೊಂಡು ಆ ಮನೇಲಿ ಹೇಗಿರ್ಲಿ?"

ತೇಜಸ್ ಇಳಿದು ಅವಳ ಸೂಟ್‌ಕೇಸ್ ತೆಗೆದು ನೆಲದ ಮೇಲಿಟ್ಟ.

"ನಂಗೆ ತುಂಬಾ ಸಿಟ್ಟು ಬಂದಿದೆ ನೀಲಾ. ಈ ಎರಡು ವರ್ಷದಲ್ಲಿ ಬದುಕಿರೋರ ಮೇಲೆ ಸಿಟ್ಟು ಬಂದಿದ್ದು ಇದೇ ಮೊದ್ಲು."

"ಬರ್ಲಿ."

"ಸಿಟ್ಟು ಇಳಿದ್ಮೇಲೆ ನಾನೇ ಮೆಲ್ಬರ್ನ್‌ಗೆ ಬರ್ತೀನಿ."

"ಇಳೀದೇ ಇದ್ರೆ?"

ಅವಳ ಕೋಟಿನ ಮೇಲಿನ ಗುಂಡಿ ಬಿಚ್ಚಿಕೊಂಡಿತ್ತು. ಅವನು ಅದನ್ನು ಹಾಕಿ, ಅವಳ ಮುಖ ನೋಡದೆ ಕಾರು ಹತ್ತಿದ.